ಪದವಿನ ಮೇಲೆ ಎಂಟು ವಾರ: ಒಂದು ಮೌಂಟನ್ ಬೈಕ್ ತರಬೇತಿಯ ವಿಮರ್ಶೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕೆಲವೇ ಕಿಲೋಮೀಟರ್ ದೂರದ ಒಂದು ಮುರಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಬಯಲಿನಲ್ಲಿ, ಕಳೆದ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ, ಶನಿವಾರ ಮತ್ತು ಭಾನುವಾರ ಬೆಳಗ್ಗೆ ಆರೂಕಾಲರಿಂದ ಒಂಬತ್ತರ ತನಕ ನಡೆದ ಮೌಂಟನ್ ಬೈಕ್ ತರಬೇತಿಗೆ ನಾನು ಸೇರಿದ್ದೆ. ಎಂಟು ವಾರಗಳ ಹದಿನಾರು ತರಗತಿಗಳಿಗೆ ಶುಲ್ಕ 6,500 ರೂಪಾಯಿ. ಸ್ವಂತ ಸೈಕಲ್ ಇಲ್ಲದವರು ದಿನಕ್ಕೆ 250 ರೂಪಾಯಿ ಬಾಡಿಗೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಹೊಗಳಿಕೆಯ ಜೊತೆಗೆ ಕೆಲವು ದೂರುಗಳನ್ನೂ ಹೇಳಲಿಕ್ಕಿರುವುದರಿಂದ ನಡೆಸುವವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಕಡೆಯ ಸೈಕಲ್ ಸವಾರರಿಗೆ ಯಾರ ವಿಷಯವೆಂದು ಹೇಗೂ ತಿಳಿಯುತ್ತದೆ. ತಿಳಿಯದವರಿಗೆ, ಇಂತಹ ತರಬೇತಿಯೊಂದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಿ ಪಡೆಯಬೇಕು ಎಂಬುದಷ್ಟು ತಿಳಿದರೆ ಸಾಕು.

ನನಗೆ ನಲವತ್ತನಾಲ್ಕು ವರ್ಷ, ಶಾಲೆಯಲ್ಲಿ ಅಧ್ಯಾಪಿಕೆ. ಊರಿನಲ್ಲಿ ಗೇರ್ ಸೈಕಲ್ ಎಂದೇ ಕರೆಯುವ ಮೌಂಟನ್ ಬೈಕೊಂದನ್ನು ಎರಡು ವರ್ಷದ ಹಿಂದೆ ಕೊಂಡು, ಡಾಮರು ರಸ್ತೆಯಲ್ಲಿ ಶಾಲೆಗೆ ಹೋಗಿ ಬರುವುದಕ್ಕೆ ಬಳಸುತ್ತಿದ್ದೆ. ಮಣ್ಣಿನ ದಾರಿಗೆ ಇಳಿದಾಗಲೆಲ್ಲ ಮೊದಲ ಚಡಾವಿನಲ್ಲೇ ದಮ್ಮು ಕಟ್ಟಿ, ಇಳಿದು ತಳ್ಳಿಕೊಂಡು ಹೋಗಬೇಕಾಗುತ್ತಿತ್ತು. ವಯಸ್ಸಿನ ಮೇಲೆ, ಕುಳಿತು ಮಾಡುವ ಕೆಲಸದ ಮೇಲೆ ದೋಷ ಹೊರಿಸಿ ಸುಮ್ಮನಿದ್ದವಳಿಗೆ ಈ ತರಬೇತಿಯ ಕರಪತ್ರದಲ್ಲಿದ್ದ ‘ದೇಹದಾರ್ಢ್ಯ ಮತ್ತು ಕೌಶಲ’ ಎಂಬ ಎರಡು ಪದಗಳಲ್ಲಿ ಮೊದಲನೆಯದು ಮಾತ್ರ ಕಣ್ಣಿಗೆ ಬಿದ್ದಿತ್ತು. ಎರಡನೆಯದು ಹುಡುಗರ ಸರ್ಕಸ್ಸಿಗೆ ಸಂಬಂಧಿಸಿದ್ದೆಂದು ನಂಬಿದ್ದೆ. ಎಂಟು ವಾರಗಳ ನಂತರ ಹೇಳುವುದಾದರೆ, ನಾನು ದಮ್ಮಿನ ಕೊರತೆ ಎಂದುಕೊಂಡಿದ್ದುದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಸೈಕಲ್ಲಿನ ಮೇಲೆ ಕೈಕಾಲುಗಳನ್ನು ಹೇಗಿಡಬೇಕೆಂದು ತಿಳಿಯದ್ದರಿಂದ ಆಗುತ್ತಿದ್ದ ದುಂದು. ಅದನ್ನು ತೋರಿಸಿಕೊಟ್ಟದ್ದೇ ಈ ತರಬೇತಿಯ ದೊಡ್ಡ ಗುಣ. ದಮ್ಮನ್ನು ಬೆಳೆಸುವ ಭಾಗ ಮಾತ್ರ ಅಷ್ಟು ಚೆನ್ನಾಗಿಲ್ಲ.

ಮೊದಲು ಸ್ಥಳದ ಬಗ್ಗೆ ಹೇಳಬೇಕು, ಏಕೆಂದರೆ ಇಲ್ಲಿ ಪಾಠದ ಮುಕ್ಕಾಲು ಭಾಗವನ್ನು ಕಲಿಸುವುದು ನೆಲವೇ. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟದ್ದು ನಮ್ಮ ಕೇರಳದ್ದೇ ಅಂಗಾಡಿಪುರಂನ ಕಲ್ಲನ್ನು ನೋಡಿ. ಕಡಿಯುವಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಅದೇ ಮುರಕಲ್ಲು ಕಾಸರಗೋಡಿನ ಪದವುಗಳ ಉದ್ದಗಲಕ್ಕೂ ಹರಡಿದೆ. ಸವಾರನ ಪಾಲಿಗೆ ಇದರ ಅರ್ಥವಿಷ್ಟು: ಅಡಿಯಲ್ಲಿ ಬಂಡೆಯಷ್ಟು ಗಟ್ಟಿಯಾದ ಪಾರೆ, ಅದರ ಮೇಲೆ ಗೋಲಿಯಂತೆ ಉರುಳುವ ಕೆಂಪು ಹರಳು. ಮಣ್ಣಾದರೆ ಟಯರ್ ಸ್ವಲ್ಪ ಹುಗಿದು ಹಿಡಿತ ಸಿಗುತ್ತದೆ; ಇಲ್ಲಿ ಟಯರ್ ಹರಳಿನ ಮೇಲೆ, ಹರಳು ಪಾರೆಯ ಮೇಲೆ, ಎರಡೂ ಉರುಳುತ್ತವೆ. ಜನವರಿಯ ಮುಂಜಾನೆಯಲ್ಲಿ ಇಬ್ಬನಿ ಬಿದ್ದು ಬರಿಯ ಪಾರೆಯೂ ಜಾರುತ್ತದೆ. ಮುಳಿಹುಲ್ಲು ಒಣಗಿ ಮಲಗಿರುವಲ್ಲಿ ಅಡಿಯ ಗುಳಿ ಕಾಣುವುದಿಲ್ಲ. ಪದವಿನ ಅಂಚಿನಿಂದ ಗೇರುತೋಪಿನ ನಡುವೆ ಇಳಿದು, ತೋಡು (ಸಣ್ಣ ಹಳ್ಳ) ದಾಟಿ, ಅಡಿಕೆ ತೋಟದ ಬದಿಯಿಂದ ಮತ್ತೆ ಮೇಲೇರುವ 4.6 ಕಿಲೋಮೀಟರಿನ ಒಂದು ಸುತ್ತು ನಮ್ಮ ಪರೀಕ್ಷೆಯ ದಾರಿ. ಜಾಗದ ಒಡೆಯರೆಲ್ಲರಿಂದ ಮೊದಲೇ ಅನುಮತಿ ಪಡೆದಿದ್ದರು, ದಣಪೆಯನ್ನು, ಅಂದರೆ ಬೇಲಿಯ ಬಾಗಿಲನ್ನು, ದಾಟಿದ ಮೇಲೆ ಕಡ್ಡಾಯವಾಗಿ ಮುಚ್ಚಿಸುತ್ತಿದ್ದರು ಎಂಬುದನ್ನು ವಿಶೇಷವಾಗಿ ಮೆಚ್ಚಿ ಹೇಳಬೇಕು; ದಣಪೆ ಮುಚ್ಚದೆ ಹೋದ ಒಬ್ಬನಿಂದಾಗಿ ಇಡೀ ಊರಿನ ದಾರಿ ಸೈಕಲ್ಲಿನವರಿಗೆ ಮುಚ್ಚಿಹೋಗಬಹುದು.

ಮೊದಲ ದಿನ ಸೈಕಲ್ ಹತ್ತುವ ಮೊದಲೇ ಮುಕ್ಕಾಲು ಗಂಟೆ ಕಳೆಯಿತು. ಮೀಟರ್ ಇರುವ ಪಂಪಿನಿಂದ ಎಲ್ಲರ ಟಯರಿನ ಗಾಳಿಯನ್ನು ಅಳೆದರು. ನನ್ನ ಎರಡೂ ಟಯರುಗಳಲ್ಲಿ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು, ಅಂಗಡಿಯವರು ತುಂಬಿಸಿಕೊಟ್ಟದ್ದು. ಡಾಮರಿನಲ್ಲಿ ಅದು ಸಲೀಸಾಗಿಯೇ ಓಡುತ್ತಿತ್ತು. 58 ಕಿಲೋ ತೂಕದ ನನಗೆ, 2.2 ಇಂಚಿನ ಟಯರಿಗೆ, ಟ್ಯೂಬ್ ಇದ್ದರೂ ಮುಂದೆ 27, ಹಿಂದೆ 30 ಸಾಕೆಂದು ಇಳಿಸಿದರು. ಇನ್ನೂ ಇಳಿಸಿದರೆ ಕಲ್ಲಿನ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿನ ನಡುವೆ ಚಿವುಟಿ ಪಂಕ್ಚರ್ ಆಗುತ್ತದೆ, ಏರಿಸಿದರೆ ಪ್ರತಿ ಹರಳಿನ ಮೇಲೂ ಚಕ್ರ ಪುಟಿಯುತ್ತದೆ. ಬ್ರೇಕಿನ ಲಿವರನ್ನು ಸಣ್ಣ ಅಲೆನ್ ಕೀಯಿಂದ ಹ್ಯಾಂಡಲಿನ ಹತ್ತಿರಕ್ಕೆ ತಂದು, ನನ್ನಂತಹ ಗಿಡ್ಡ ಬೆರಳಿನವರಿಗೂ ಒಂದೇ ತೋರುಬೆರಳು ನಿಲುಕುವಂತೆ ಮಾಡಿದರು. ಎರಡು ವರ್ಷ ಮೂರು ಬೆರಳಿನಿಂದ ಎಳೆಯುತ್ತಿದ್ದ ನನಗೆ ಅಂತಹ ಸ್ಕ್ರೂ ಇದೆಯೆಂಬುದೇ ಗೊತ್ತಿರಲಿಲ್ಲ. ಡಿಸ್ಕ್ ಬ್ರೇಕಿಗೆ ಒಂದು ಬೆರಳಿನ ಬಲ ಸಾಕು. ಉಳಿದ ಮೂರು ಹ್ಯಾಂಡಲಿನ ಮೇಲೆ ಇದ್ದರೆ ಮಾತ್ರ ಹಿಡಿತ ಉಳಿಯುತ್ತದೆ. ಆ ಮುಕ್ಕಾಲು ಗಂಟೆಗೇ ಶುಲ್ಕದ ಒಂದು ಪಾಲು ವಸೂಲಾಯಿತೆಂದು ಈಗಲೂ ಅನ್ನಿಸುತ್ತದೆ.

ಬಳಿಕ ಮೂರು ವಾರ ವೇಗದ ಮಾತೇ ಇಲ್ಲ. ಕೆಲಸ ನಿಲ್ಲಿಸಿದ ಹಳೆಯ ಕಲ್ಲಿನ ಕೋರೆಯೊಂದರ ತಳವೇ ನಮ್ಮ ತರಗತಿ. ಯಂತ್ರದಿಂದ ಕಲ್ಲು ಕೊಯ್ದ ಕೋರೆಯನ್ನು ನೋಡಿದವರಿಗೆ ಗೊತ್ತು, ಅದರ ತಳದಲ್ಲಿ ಗರಗಸದ ಗೆರೆಗಳು ಗ್ರಾಫ್ ಕಾಗದದಂತೆ ಉದ್ದಕ್ಕೂ ಅಡ್ಡಕ್ಕೂ ಉಳಿದಿರುತ್ತವೆ. ಎರಡು ಗೆರೆಗಳ ನಡುವಿನ ಪಟ್ಟಿಯಲ್ಲಿ, ಗೆರೆ ಮುಟ್ಟದೆ, ನಡೆಯುವುದಕ್ಕಿಂತಲೂ ನಿಧಾನವಾಗಿ ಸೈಕಲ್ ಬಿಡಬೇಕು. ಎರಡು ಪೆಡಲುಗಳೂ ನೆಲಕ್ಕೆ ಸಮನಾಗಿರಬೇಕು, ಹಿಮ್ಮಡಿ ತುಸು ಕೆಳಗೆ, ಮೊಣಕಾಲು ಮೊಣಕೈ ಸಡಿಲ, ಸೊಂಟದಿಂದ ಬಾಗಿದ ಬೆನ್ನು, ಭಾರವೆಲ್ಲ ಕಾಲಿನ ಮೇಲೆ. ಹೇಳುವಾಗ ಸುಲಭ. ಮೊದಲ ದಿನ ಹತ್ತು ಮೀಟರಿನ ಪಟ್ಟಿಯಲ್ಲಿ ಏಳು ಸಲ ಕಾಲೂರಿದೆ. ಕಣ್ಣು ಮುಂಚಕ್ರದ ಮೇಲೆಯೇ ಇತ್ತು. ತಲೆಯೆತ್ತಿ ಪಟ್ಟಿಯ ಕೊನೆಯನ್ನು ನೋಡತೊಡಗಿದ ಮೇಲೆ ಸೈಕಲ್ ತಾನಾಗಿ ನೇರವಾಯಿತು. ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುವ ಅಭ್ಯಾಸ, ಮುಂಚಕ್ರವನ್ನು ಎತ್ತುವ ಅಭ್ಯಾಸ, ಒಂದು ಕಲ್ಲಿನ ಎತ್ತರದ ಮೆಟ್ಟಿಲಿನಿಂದ ಇಳಿಸುವ ಅಭ್ಯಾಸ, ಎಲ್ಲವೂ ಅದೇ ಕೋರೆಯಲ್ಲಿ ನಡೆದವು. ಅಡಿಕೆ ಮರ ಸೀಳಿ ತೋಡಿಗೆ ಹಾಕಿದ ಸಂಕದ ಮೇಲೆ ಹೋಗುವ ಪಾಠಕ್ಕೆ ಮೊದಲು, ಅದೇ ಅಗಲದ ಹಲಗೆಯನ್ನು ನೆಲದ ಮೇಲಿಟ್ಟು ಇಪ್ಪತ್ತು ಸಲ ದಾಟಿಸಿದ್ದರು. ಇಂತಹ ಕ್ರಮ ಎಲ್ಲಿಯೂ ತಪ್ಪಲಿಲ್ಲ: ಬಿದ್ದರೆ ನೋವಾಗದಲ್ಲಿ ಮೊದಲು, ನೋವಾಗುವಲ್ಲಿ ಆಮೇಲೆ.

ನಾಲ್ಕನೆಯ ವಾರದ ತಿರುವಿನ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೇರುತೋಪಿನ ಒಳಗೆ ಇಳಿಜಾರಿನಲ್ಲಿ ಎಡಕ್ಕೆ ಹೊರಳುವ ಒಂದು ತಿರುವು. ಒಣ ತರಗೆಲೆ, ಅದರ ಅಡಿಯಲ್ಲಿ ಹರಳು. ಅಲ್ಲಿ ನಾನು ಪ್ರತಿ ಸಲವೂ ಹೆದರಿ ಬ್ರೇಕ್ ಹಿಡಿಯುತ್ತಿದ್ದೆ, ಪ್ರತಿ ಸಲವೂ ಮುಂಚಕ್ರ ಹೊರಗೆ ಜಾರುತ್ತಿತ್ತು. ಕೆಳಗೆ ನಿಂತು ನೋಡುತ್ತಿದ್ದ ತರಬೇತುದಾರರು ಬಂದು, ‘‘ಟೀಚರ್, ನೀವು ಬ್ರೇಕ್ ಹಿಡಿದುಕೊಂಡೇ ತಿರುಗಿಸುತ್ತೀರಿ. ಆ ಗೇರುಮರ ಬರುವ ಮೊದಲೇ ಬ್ರೇಕಿನ ಕೆಲಸ ಮುಗಿಸಿ, ಮತ್ತೆ ಬಿಟ್ಟುಬಿಡಿ’’ ಎಂದರು. ‘‘ಬಿಟ್ಟರೆ ಬೀಳುವುದಿಲ್ಲವಾ ಮಾಷೆ?’’ ಎಂದು ಕೇಳಿದ್ದಕ್ಕೆ, ‘‘ಹಿಡಿದಾಗಲೂ ಬೀಳುತ್ತಾ ಇದ್ದೀರಲ್ಲ’’ ಎಂಬ ಉತ್ತರ ಬಂತು. ಟಯರಿಗೆ ನೆಲದ ಮೇಲೆ ಇರುವ ಹಿಡಿತ ಒಂದು ನಿಗದಿತ ಪ್ರಮಾಣದ್ದು. ಅದನ್ನೆಲ್ಲ ಬ್ರೇಕಿಗೇ ವೆಚ್ಚ ಮಾಡಿದರೆ ತಿರುಗುವುದಕ್ಕೆ ಉಳಿಯುವುದಿಲ್ಲ, ಉರುಳುವುದನ್ನು ನಿಲ್ಲಿಸಿದ ಚಕ್ರ ಹ್ಯಾಂಡಲಿನ ಮಾತನ್ನೂ ಕೇಳುವುದಿಲ್ಲ. ತಿರುವಿನ ಮೊದಲು ವೇಗ ಇಳಿಸಿ, ಹೊರಗಿನ ಪೆಡಲನ್ನು ಕೆಳಗೆ ಒತ್ತಿ, ದೇಹವನ್ನು ಆದಷ್ಟು ನೇರವಾಗಿಟ್ಟು ಸೈಕಲ್ಲನ್ನು ಮಾತ್ರ ವಾಲಿಸಿ, ಕಣ್ಣನ್ನು ತಿರುವಿನ ಆಚೆಗೆ ಕಳುಹಿಸಿದಾಗ ಹದಿಮೂರನೆಯ ಪ್ರಯತ್ನದಲ್ಲಿ ಸರಿಯಾಯಿತು. ತರಗೆಲೆ ಸರಬರ ಎಂದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ.

ದಮ್ಮಿನ ಪ್ರಶ್ನೆ ಇಲ್ಲಿಗೇ ಬಂದು ಸೇರುತ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದು ವೇಗವನ್ನೆಲ್ಲ ಕಳೆದುಕೊಂಡವನು ತಿರುವಿನಾಚೆ ಮತ್ತೆ ಮೊದಲಿನಿಂದ ತುಳಿಯಬೇಕು, ಒಂದು ಸುತ್ತಿನಲ್ಲಿ ಅಂತಹ ತಿರುವುಗಳು ಮೂವತ್ತಾದರೂ ಇರುತ್ತವೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದವನ ಮುಂಗೈ ಉರಿಯುತ್ತದೆ, ಉಸಿರು ಬಿಗಿಯುತ್ತದೆ. ಚಡಾವು ಶುರುವಾದ ಮೇಲೆ ಗೇರ್ ಬದಲಿಸುವವನ ಚೈನು ಭಾರದಡಿ ಕಟಕಟ ಎಂದು ಒಂದೆರಡು ತುಳಿತ ವ್ಯರ್ಥವಾಗಿ, ಸೈಕಲ್ ನಿಂತೇ ಹೋಗುತ್ತದೆ. ನಾನು ಎದ್ದು ನಿಂತು ತುಳಿಯುತ್ತಿದ್ದೆ. ಹಿಂಚಕ್ರದ ಮೇಲಿನ ಭಾರ ತಪ್ಪಿ ಅದು ಹರಳಿನ ಮೇಲೆ ಸುಮ್ಮನೆ ತಿರುಗುತ್ತಿತ್ತು. ಸೀಟಿನ ಮೂತಿಗೆ ಸರಿದು ಕುಳಿತು, ಎದೆಯನ್ನು ತಗ್ಗಿಸಿ, ಮೊಣಕೈಯನ್ನು ಕೆಳಮುಖವಾಗಿಟ್ಟು, ಹಗುರ ಗೇರಿನಲ್ಲಿ ಸಮನಾಗಿ ತುಳಿದರೆ ಮುಂಚಕ್ರ ಏಳುವುದೂ ಇಲ್ಲ, ಹಿಂಚಕ್ರ ಜಾರುವುದೂ ಇಲ್ಲ. ಇದರಲ್ಲಿ ಯಾವುದಕ್ಕೂ ಹೊಸ ಶಕ್ತಿ ಬೇಕಿಲ್ಲ.

ಕೈಗಡಿಯಾರದಲ್ಲಿ ಬರೆದಿಟ್ಟ ಲೆಕ್ಕವೂ ಇದನ್ನೇ ಹೇಳುತ್ತದೆ. ಮೊದಲ ವಾರ ಆ 4.6 ಕಿಲೋಮೀಟರಿನ ಸುತ್ತಿಗೆ ನನಗೆ 38 ನಿಮಿಷ ಹಿಡಿದಿತ್ತು, ಐದು ಕಡೆ ಇಳಿದಿದ್ದೆ. ಮೂರನೆಯ ವಾರದ ಕೊನೆಗೆ 34 ನಿಮಿಷ. ಎಂಟನೆಯ ವಾರದ ಕೊನೆಗೆ 31, ಇಳಿದದ್ದು ಒಂದೇ ಕಡೆ. ಏಳು ನಿಮಿಷದ ಗಳಿಕೆಯಲ್ಲಿ ನಾಲ್ಕು ಬಂದದ್ದು ಮೊದಲ ಮೂರು ವಾರದಲ್ಲಿ. ದೇಹ ಅಷ್ಟು ಬೇಗ ಹೆಚ್ಚು ಬದಲಾಗುವುದಿಲ್ಲ. ಆ ಅವಧಿಯಲ್ಲಿ ನಾವು ಮಾಡಿದ್ದು ಕೋರೆಯ ಗೆರೆಗಳ ಮೇಲಿನ ನಿಧಾನ ಸವಾರಿಯನ್ನೇ. ದಾರಿ ಪರಿಚಯವಾದದ್ದೂ ಸ್ವಲ್ಪ ಕಾರಣವಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ.

ಇನ್ನು ದೇಹದಾರ್ಢ್ಯದ ಭಾಗ. ಇಲ್ಲಿಯೂ ಒಳ್ಳೆಯದಿದೆ. ನಡುವಾರದ ಸವಾರಿಗಳಲ್ಲಿ ಹೆಚ್ಚಿನವು ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡುವಷ್ಟು ನಿಧಾನವಾಗಿರಬೇಕು, ವಾರಕ್ಕೆ ಒಂದು ಸಲ ಮಾತ್ರ ನಾಲ್ಕು ನಿಮಿಷದ ನಾಲ್ಕು ಏರು ಓಟಗಳನ್ನು ನಡುವೆ ಮೂರು ನಿಮಿಷದ ವಿಶ್ರಾಂತಿಯೊಂದಿಗೆ ಜೋರಾಗಿ ಮಾಡಬೇಕು ಎಂಬ ಸೂಚನೆ ಸರಿಯಾದದ್ದು. ನಮ್ಮಲ್ಲಿ ಹೆಚ್ಚಿನವರು ದಿನವೂ ಅರೆಜೋರಿನಲ್ಲಿ ಹೋಗಿ, ಸುಸ್ತೂ ಆಗಿ, ಮುಂದೆಯೂ ಹೋಗದೆ ಉಳಿಯುತ್ತಾರೆ. ಬಲಕ್ಕಾಗಿ ಜಿಮ್ ಬೇಕಿಲ್ಲವೆಂದು, ಬಾವಿಯಿಂದ ಸೇದಿದ ನೀರಿನ ಎರಡು ಬಾಲ್ದಿಗಳನ್ನು ಎರಡು ಕೈಯಲ್ಲಿ ಹಿಡಿದು, ಭುಜ ಕುಸಿಯದಂತೆ, ನೀರು ತುಳುಕದಂತೆ ಅಂಗಳದ ಉದ್ದ ನಡೆಸಿದರು. ಹತ್ತು ಲೀಟರಿನ ಬಾಲ್ದಿಯೆಂದರೆ ಕೈಗೆ ಹತ್ತು ಕಿಲೋ. ಮುಂಗೈಗೆ, ಬೆನ್ನಿಗೆ, ಸೊಂಟಕ್ಕೆ ಒಟ್ಟಿಗೇ ಕೆಲಸ. ಬೇಸಿಗೆಯಲ್ಲಿ ತೋಟದ ಸಸಿಗಳಿಗೆ ನೀರು ಹೊರುತ್ತಿದ್ದ ನನ್ನ ಅತ್ತೆ ಇದನ್ನು ಕೇಳಿ, ಇದಕ್ಕೂ ಹಣ ಕೊಟ್ಟೆಯಾ ಎಂದು ನಕ್ಕರು. ಸೊಂಟದಿಂದ ಬಾಗಿ ಏಳುವ ವ್ಯಾಯಾಮ, ಒಂಟಿಕಾಲಿನ ಬೈಠಕ್, ದಂಡ, ವಾರಕ್ಕೆ ಎರಡು ದಿನ. ಕೆಲಸವೇನೋ ಆಗುತ್ತದೆ.

ಆದರೆ ಈ ಅಭ್ಯಾಸಗಳನ್ನು ಬರೆದ ಒಂದೇ ಹಾಳೆಯನ್ನು ಎಲ್ಲರಿಗೂ ಕೊಟ್ಟದ್ದು ಸರಿಯಲ್ಲ. ನಮ್ಮ ತಂಡದ ಹನ್ನೊಂದು ಮಂದಿಯಲ್ಲಿ ಇಪ್ಪತ್ತರ ಕಾಲೇಜು ಹುಡುಗನೂ ಇದ್ದ, ಐವತ್ತು ದಾಟಿದ ರಬ್ಬರ್ ಕೃಷಿಕರೂ ಇದ್ದರು. ವಾರಕ್ಕೆ ಐದು ದಿನದ ಒಂದೇ ಯೋಜನೆ, ವಿಶ್ರಾಂತಿಯ ವಾರವೆಂಬುದು ಎಲ್ಲಿಯೂ ಇಲ್ಲ. ಐದನೆಯ ವಾರದಲ್ಲಿ ನನಗೆ ನಿದ್ದೆ ಕೆಟ್ಟು, ಬೆಳಗಿನ ನಾಡಿಮಿಡಿತ ಹೆಚ್ಚಾಗಿ, ಮೆಟ್ಟಿಲು ಹತ್ತುವುದಕ್ಕೂ ಕಾಲು ಭಾರವಾಯಿತು. ನಾನಾಗಿಯೇ ನಾಲ್ಕು ದಿನ ಬಿಟ್ಟೆ, ಸರಿಹೋಯಿತು. ನಾಡಿಮಿಡಿತದ ಮಿತಿಗಳನ್ನು 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರದಿಂದ ಬರೆದುಕೊಟ್ಟಿದ್ದರು. ಅದರ ಪ್ರಕಾರ ನನ್ನ ಗರಿಷ್ಠ 176 ಆಗಬೇಕು. ಪೊಸಡಿಗುಂಪೆ ಗುಡ್ಡೆಯ ಬುಡದ ಚಡಾವಿನಲ್ಲಿ ಎದೆಗೆ ಕಟ್ಟಿದ ಪಟ್ಟಿ 184 ತೋರಿಸಿತು, ನಾನು ಆರಾಮವಾಗಿಯೇ ಇದ್ದೆ ಎನ್ನಲಾರೆ, ಆದರೆ ಏನೂ ಆಗಲಿಲ್ಲ. ಆ ಸೂತ್ರ ಸರಾಸರಿಯಷ್ಟೇ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಮಿಡಿತ ಆಚೀಚೆ ಆಗುವುದು ಸಾಮಾನ್ಯ. ಮಾತಾಡಿ ನೋಡುವ ಪರೀಕ್ಷೆಯನ್ನು ಅಷ್ಟು ಚೆನ್ನಾಗಿ ಕಲಿಸಿದವರು ಈ ಅಂಕಿಗಳನ್ನು ಏಕೆ ಕೊಟ್ಟರೋ ತಿಳಿಯದು. ಕೈಗಡಿಯಾರದ ಸೆನ್ಸರ್ ಕಲ್ಲುದಾರಿಯ ನಡುಕದಲ್ಲಿ ತಪ್ಪು ತೋರಿಸುತ್ತದೆಂಬ ಎಚ್ಚರಿಕೆಯನ್ನೂ ಅವರು ಕೊಡಲಿಲ್ಲ. ಕರಾವಳಿಯ ಸೆಕೆಯ ವಿಷಯವೂ ಹಾಳೆಯಲ್ಲಿ ಇರಲಿಲ್ಲ. ಬೆವರು ಆರದ ಈ ಹವೆಯಲ್ಲಿ ಅದೇ ವೇಗಕ್ಕೆ ನಾಡಿಮಿಡಿತ ಏರುತ್ತಲೇ ಹೋಗುತ್ತದೆ, ಗಂಟೆಗೆ ಅರ್ಧ ಲೀಟರಾದರೂ ನೀರು, ಜೊತೆಗೆ ಉಪ್ಪು ಬೇಕು. ತರಗತಿಯ ಬಳಿಕ ಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಾವಿನಮಿಡಿ ಈ ಕೊರತೆಯನ್ನು ತಿಳಿಯದೆಯೇ ತುಂಬಿದವು. ಆ ಹಾಳೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದುದು ಇನ್ನೊಂದು ದೂರು. ಮೈದಾನದಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ಸೊಗಸಾಗಿ ಕಲಿಸುವವರಿಗೆ ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸುವುದು ದೊಡ್ಡ ಕೆಲಸವಾಗಿರಲಿಲ್ಲ.

ಬಾಡಿಗೆ ಸೈಕಲ್ಲುಗಳ ವಿಷಯದಲ್ಲಿ ನನ್ನ ಅಸಮಾಧಾನ ಗಟ್ಟಿಯಾದದ್ದು. ಎರಡನೆಯ ವಾರ ನನ್ನ ಸೈಕಲ್ ರಿಪೇರಿಗೆ ಹೋಗಿದ್ದರಿಂದ ಅವರದ್ದೊಂದನ್ನು ತೆಗೆದುಕೊಂಡೆ. ನಮ್ಮ ಸ್ಕೂಟರುಗಳಲ್ಲಿ ಬಲಗೈಯ ಲಿವರ್ ಮುಂದಿನ ಬ್ರೇಕು, ನನ್ನ ಸೈಕಲ್ಲಿನಲ್ಲಿಯೂ ಹಾಗೆಯೇ. ಆ ಸೈಕಲ್ಲಿನಲ್ಲಿ ಅದು ಅದಲು ಬದಲಾಗಿತ್ತು, ಯಾರೂ ಹೇಳಲಿಲ್ಲ. ಇಳಿಜಾರಿನಲ್ಲಿ ಹಿಂಚಕ್ರ ನಿಧಾನವಾಗಲೆಂದು ಎಡಗೈ ಎಳೆದೆ. ಹಿಂಚಕ್ರ ಆಕಾಶ ನೋಡಿತು, ನಾನು ಹ್ಯಾಂಡಲಿನ ಮೇಲಿಂದ ಮುಳಿಹುಲ್ಲಿನ ಮೇಲೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಅನಾಹುತವಾಗಲಿಲ್ಲ, ಹತ್ತು ಅಡಿ ಮುಂದೆ ಬಿದ್ದಿದ್ದರೆ ಬರಿಯ ಪಾರೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜ್ ಇತ್ತು, ಗಾಯ ತೊಳೆಯುವ ದ್ರಾವಣ ಮುಗಿದಿತ್ತು. ತರಬೇತುದಾರರು ಕ್ಷಮೆ ಕೇಳಿದರು, ಮುಂದಿನ ವಾರದೊಳಗೆ ಎಲ್ಲ ಬಾಡಿಗೆ ಸೈಕಲ್ಲುಗಳ ಬ್ರೇಕನ್ನು ಒಂದೇ ಕ್ರಮಕ್ಕೆ ತಂದರು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಹೆಂಗಸರಿಗೆ ಬಟ್ಟೆ ಬದಲಿಸುವ ಜಾಗ, ಶೌಚಾಲಯ ಇಲ್ಲದಿರುವುದು ಕೊನೆಯವರೆಗೂ ಸರಿಹೋಗಲಿಲ್ಲ. ಪಕ್ಕದ ಮನೆಯವರ ಸೌಜನ್ಯದಿಂದ ದಿನ ಕಳೆಯಿತು. ತಂಡದಲ್ಲಿ ಹೆಂಗಸರು ನಾವಿಬ್ಬರೇ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಕೊನೆಯ ಭಾನುವಾರ ಪೊಸಡಿಗುಂಪೆಯ ಕಡೆಗೆ ದೀರ್ಘ ಸವಾರಿ. ಗುಡ್ಡೆಯ ನೆತ್ತಿಗೆ ಸೈಕಲ್ ಒಯ್ಯದೆ ಕೆಳಗೇ ನಿಲ್ಲಿಸಿ, ನಡೆದು ಹತ್ತಿದೆವು. ಮೇಲೆ ಕುಳಿತು ತರಬೇತುದಾರರು, 2023ರ ಅಕ್ಟೋಬರಿನಲ್ಲಿ ತಿರುವನಂತಪುರದ ಪೊನ್ಮುಡಿಯಲ್ಲಿ ನಡೆದ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ಪನ್ನು ನೋಡಲು ಹೋಗಿದ್ದ ಕಥೆ ಹೇಳಿದರು. ಮುಂಚೂಣಿಯ ಸವಾರರು ಇಳಿಜಾರಿನಲ್ಲಿ ಎಷ್ಟು ಸದ್ದಿಲ್ಲದೆ ಹೋಗುತ್ತಾರೆ, ಹಿಂದೆ ಬರುವವರ ಬ್ರೇಕಿನ ಕಿರುಚಾಟ ಮಾತ್ರ ಹೇಗೆ ಕಾಡಿನ ತುಂಬ ಕೇಳುತ್ತದೆ ಎಂದು ಅವರು ವರ್ಣಿಸುವಾಗ ನನಗೆ ಗೇರುತೋಪಿನ ಆ ತಿರುವು ನೆನಪಾಗುತ್ತಿತ್ತು.

ಸ್ಪರ್ಧೆಗೆ ಸಿದ್ಧವಾಗಬೇಕೆನ್ನುವವರಿಗೆ ಈ ತರಬೇತಿಯ ದೇಹದಾರ್ಢ್ಯದ ಯೋಜನೆ ಸಾಲದು. ಅವರು ಬೇರೆ ಮಾರ್ಗದರ್ಶನ ಹುಡುಕಬೇಕು. ಮಣ್ಣಿನ ದಾರಿಯಲ್ಲಿ ಹೆದರಿಕೆಯಿಲ್ಲದೆ ಹೋಗಬೇಕೆನ್ನುವವರಿಗೆ, ಅದರಲ್ಲೂ ದಮ್ಮಿಲ್ಲವೆಂದು ಸೈಕಲ್ಲನ್ನು ಮೂಲೆಗೆ ಒರಗಿಸಿಟ್ಟವರಿಗೆ, 6,500 ರೂಪಾಯಿ ಹೆಚ್ಚೇನಲ್ಲ. ಮಳೆಗಾಲದಲ್ಲಿ ಪಾರೆಗೆ ಪಾಚಿ ಹಿಡಿಯುವುದರಿಂದ ತರಗತಿ ಇಲ್ಲ. ಮುಂದಿನ ತಂಡ ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ. ಚಪ್ಪಟೆ ತಳದ ಶೂ, ಬೆರಳು ಮುಚ್ಚುವ ಕೈಗವಸು, ಅಳತೆಗೆ ಕೂರುವ ಹೆಲ್ಮೆಟ್ ಸ್ವಂತದ್ದೇ ಇರಲಿ. ತರಬೇತಿಯ ಹಾಳೆಯನ್ನು ಕನ್ನಡಕ್ಕೆ ಬರೆದುಕೊಡುತ್ತೇನೆಂದು ನಾನು ಒಪ್ಪಿದ್ದೇನೆ, 220ರ ಸಾಲನ್ನು ಬಿಟ್ಟು. ಆ ತಂಡಕ್ಕೆ ನನ್ನ ನಾದಿನಿಯೂ ಸೇರುತ್ತಾಳೆ. ಬಾಡಿಗೆಯದ್ದು ಬೇಡವೆಂದು ನನ್ನ ಸೈಕಲ್ಲನ್ನೇ ಕೊಡುವುದೆಂದು ಮಾತಾಗಿದೆ.